ಗುಜರಿ ಎತ್ತಿನ ಕಣ್ಣು

ಜೂನ್ 3, ಮಂಗಳವಾರ
ಬೆಳಿಗ್ಗೆಯಿಂದ ತುಕ್ಕು ಉಜ್ಜಿದ್ದೇ ಆಯಿತು. ಸೈಕಲ್ ರಿಮ್, ಒಡೆದ ಸಿ.ಡಿ... ನನ್ನ ನವಿಲಿಗೆ ಇನ್ನೊಂದು ರೆಕ್ಕೆ ಬಾಕಿ. ಪಕ್ಕದಲ್ಲೇ ಗಂಗಾ — ಮೈದುನನ ಹೆಂಡತಿ — ಅಕ್ಕಿ ಮಿಲ್ಲಿನ ಹಳೇ ಜಾಲರಿ ಬಾಗಿಸಿ ಎತ್ತು ಮಾಡುತ್ತಿದ್ದಾಳೆ. ಅವಳಿಗೆ ವೆಲ್ಡಿಂಗ್ ಕಲಿಸಿದವಳು ನಾನು. ಗಂಗಾವತಿಯಲ್ಲಿ ಗುಜರಿಯಿಂದ ಗೊಂಬೆ ಮಾಡುವವರು ಯಾರೆಂದರೆ ಮೊನ್ನೆವರೆಗೂ ಜನ ನನ್ನ ಹೆಸರು ಹೇಳುತ್ತಿದ್ದರು. ಈಗ ನಮ್ಮ ಗುಜರಿ ಅಂಗಡಿಗೆ ಬಂದವರು ನೇರ ಅವಳ ಹತ್ತಿರ ಹೋಗಿ ನಿಲ್ಲುತ್ತಾರೆ.
ಹೊಟ್ಟೆಕಿಚ್ಚು. ಇಲ್ಲಿಯಾದರೂ ನಿಜ ಬರೆಯಬೇಕಲ್ಲ.

ಜೂನ್ 9, ಸೋಮವಾರ
ಹೊಸ ಪಾರ್ಕಿನ ಬಾಗಿಲಿಗೆ ಒಂದೇ ಗೊಂಬೆ ಬೇಕಂತೆ. ನಗರಸಭೆಯ ಇಂಜಿನಿಯರ್ ಬಂದಿದ್ದರು. ನವಿಲಿನ ಮುಂದೆ ಸರಿಯಾಗಿ ನಿಲ್ಲಲೂ ಇಲ್ಲ. ಎತ್ತಿನ ಸುತ್ತ ತಿರುಗಿದ್ದೇ ತಿರುಗಿದ್ದು. ಕುಡುಗೋಲಿನ ಕೋಡು, ಸಲಿಕೆಯ ಕಿವಿ, ಟ್ರ್ಯಾಕ್ಟರ್ ಚೈನಿನ ಬಾಲ. ಅಮಾವಾಸ್ಯೆ ದಿನ ಬಂದು ಒಯ್ಯುತ್ತೇವೆ, ಅಷ್ಟರಲ್ಲಿ ಮುಗಿಸಿ ಎಂದರು.
ಉಣ್ಣುವಾಗ ನಮ್ಮ ಯಜಮಾನರು ಅಂದರು, "ಗಂಗಾನ ಕೈಯಾಗ ಏನೋ ಐತಿ ಬಿಡು."
ನನ್ನ ಕೈಯಲ್ಲಿ? ರೊಟ್ಟಿ ಹಿಟ್ಟು.

ಜೂನ್ 17
ಎತ್ತಿನ ಕಣ್ಣಿಗೆಂದು ಗಂಗಾ ಎರಡು ಬೇರಿಂಗ್ ಆರಿಸಿಟ್ಟಿದ್ದಳು. ಒಂದೇ ಅಳತೆಯವು. ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಮಾಡಿದ್ದಳು. ಅವಳು ನೀರು ಹಿಡಿಯಲು ಹೋದಾಗ ಎತ್ತಿ ಸೆರಗಿಗೆ ಕಟ್ಟಿಕೊಂಡೆ. ಈಗ ಜೋಳದ ಡಬ್ಬಿಯ ತಳದಲ್ಲಿವೆ.
ಕುರುಡು ಎತ್ತನ್ನು ಯಾರು ಒಯ್ಯುತ್ತಾರೆ?

ಜೂನ್ 18
ಇಡೀ ದಿನ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ... ರಾಶಿಯಲ್ಲಿ ಕೈ ಹಾಕಿ ತಗಡಿಗೆ ಬೆರಳು ಕೊಯ್ದುಕೊಂಡೆ. ಅವಳೇ ಓಡಿಬಂದು ಅರಿಶಿನ ಹಚ್ಚಿದಳು. ಭಾಳ ಉರಿಯಿತು.

ಜೂನ್ 24
ಹುಡುಕುವುದು ಬಿಟ್ಟಿದ್ದಾಳೆ. ಬೇರೆ ಬೇರಿಂಗೂ ಹಾಕಿಲ್ಲ. ಕಣ್ಣಿನ ಗುಳಿ ಎರಡೂ ಖಾಲಿ. ನೆಮ್ಮದಿ.
ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಯ ಮಣ್ಣೆತ್ತಿಗೆ ಎರೆಮಣ್ಣು ಕಲಸಿಟ್ಟೆ. ಎತ್ತು ಯಾರೇ ಮಾಡಲಿ, ಕೊನೆಗೆ ಗುಲಗಂಜಿ ಕಣ್ಣು ಇಡುವುದು ನಮ್ಮ ಮನೆಯಲ್ಲಿ ಹಿರಿ ಸೊಸೆಯೇ. ಅದೊಂದನ್ನಾದರೂ ಅವಳು ಕಸಿದುಕೊಳ್ಳಲಾರಳು.

ಜೂನ್ 25, ಮಧ್ಯಾಹ್ನ
ಪಾರ್ಕಿನವರು ಟ್ರಾಲಿ ತಂದಿದ್ದಾರೆ. ಓಣಿಯವರೆಲ್ಲ ಸೇರಿದ್ದಾರೆ. ಕಣ್ಣು ಯಾಕಿಲ್ಲ ಎಂದು ಇಂಜಿನಿಯರ್ ಕೇಳಿದರು. ಇದೇ ಮಾತಿಗೆ ಕಾಯುತ್ತಿದ್ದೆ.
ಗಂಗಾ ತಣ್ಣಗೆ ಹೇಳಿದಳು, "ನಮ್ಮ ಮನ್ಯಾಗ ಎತ್ತಿಗೆ ಕಣ್ಣ ಇಡೋರು ಅಕ್ಕಾರ ರೀ. ಇದಕ್ಕೂ ಅವರ ಇಡಬೇಕು. ಕಣ್ಣ ಅವರ ಕಡೆ ಅದಾವು."
ಎಲ್ಲರೂ ನನ್ನ ಕಡೆ ತಿರುಗಿದರು. ತರುತ್ತೇನೆ ಎಂದು ಒಳಗೆ ಬಂದೆ.
ಜೋಳದ ಡಬ್ಬಿ ತೆರೆದರೆ ಬೇರಿಂಗ್ ಮೇಲೆಯೇ ಇವೆ. ತಳದಲ್ಲಿಟ್ಟಿದ್ದೆ ನಾನು. ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ, ಅರಿವೆಯಲ್ಲಿ ಸುತ್ತಿಟ್ಟಿದ್ದಾಳೆ. ಯಾವಾಗ ಸಿಕ್ಕವೋ ಅವಳಿಗೆ... ಒಂದು ಮಾತು ಕೇಳಲಿಲ್ಲ.
ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಒಳ್ಳೆಯತನದಲ್ಲೂ ನನಗಿಂತ ಒಂದು ಕೈ ಮೇಲು. ಈ ಹೊಟ್ಟೆಕಿಚ್ಚನ್ನು ಯಾವ ಡಬ್ಬಿಯಲ್ಲಿಡಲಿ?
ಬಾಗಿಲ ಹೊರಗಿನಿಂದ ಕರೆಯುತ್ತಿದ್ದಾಳೆ, "ಅಕ್ಕಾ, ಬರ್ರಿ. ಎತ್ತು ಕಾಯಾಕತ್ತೈತಿ."
ಎರಡೂ ಮಡಿಲಲ್ಲಿವೆ. ಮೊದಲು ಬಲಗಣ್ಣು ಇಡಬೇಕು. ಆಮೇಲೆ—