ಬಳೆಯ ಸದ್ದಿಗೆ ಹಾಲಿಳಿಸುತ್ತಿದ್ದ ಹಸು

ನಗರಗೆರೆ
೧೪-೨-೧೯೬೧

ಮಗಳು ಲಕ್ಷ್ಮೀನರಸಮ್ಮನಿಗೆ ಹೆತ್ತವಳ ಆಶೀರ್ವಾದಗಳು.

ನಿಮ್ಮ ಮನೆಯಿಂದ ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬಸುರಿನ ಸುಸ್ತು ಕಡಿಮೆಯಾಯಿತೇ? ಅಜ್ಜಿ ಓಬಳಮ್ಮನವರು ದಿನಾ ನಿನ್ನನ್ನು ನೆನೆಯುತ್ತಾರೆ.

ನಮ್ಮ ಕೆಂದ ಹಸು ಇನ್ನಿಲ್ಲ. ಸತ್ತಿಲ್ಲ, ಮಾರಿದರು. ಕರು ಸತ್ತ ಮೇಲೂ ನಾನು ಹೋಗಿ ಕೂತರೆ ಸಾಕು, ಹಾಲಿಳಿಸುತ್ತಿತ್ತಲ್ಲ, ಅದು ನಿಮ್ಮಪ್ಪ ತೀರಿಕೊಂಡ ಹನ್ನೊಂದನೆಯ ದಿನದಿಂದ ಒಂದು ತೊಟ್ಟೂ ಕೊಡಲಿಲ್ಲ. ಕೆಚ್ಚಲು ಕಲ್ಲಾಯಿತು, ಮುಟ್ಟಿದರೆ ನರಳುತ್ತಿತ್ತು. ನಿಮ್ಮ ಚಿಕ್ಕಪ್ಪ ರಾಮಾಂಜಿನಪ್ಪ ಹೊಡೆದೂ ನೋಡಿದ. ಕೊನೆಗೆ ಗೌರಿಬಿದನೂರಿನಿಂದ ದನದ ಡಾಕ್ಟರು ಬಂದರು. ನಾನು ಕರೆಯುವುದನ್ನು ನೋಡುತ್ತ ನಿಂತು, "ಮೊದಲು ಕೈಯಲ್ಲಿ ಬಳೆ ಇದ್ವೇನಮ್ಮ?" ಅಂದರು. ನಾನು ಬರಿಗೈ ಸೆರಗಿನೊಳಗೆ ಎಳೆದುಕೊಂಡೆ.

"ಅದು ಬೇಕಂತ ಹಾಲು ಕಟ್ಟಿಲ್ಲ. ದಿನಾ ಗಂಟೆ ಹೊಡೆದು ನಾಯಿಗೆ ಅನ್ನ ಹಾಕಿದ್ರೆ, ಆಮೇಲೆ ಬರೀ ಗಂಟೆಗೇ ಅದರ ಬಾಯಲ್ಲಿ ನೀರೂರುತ್ತೆ. ಇದರ ಮೈಗೂ ಬಳೆ ಸದ್ದು ಹಂಗೇ ರೂಢಿಯಾಗಿದೆ," ಅಂದರು.

ಡಾಕ್ಟರು ಹೋದ ಮೇಲೆ ಅಜ್ಜಿ ಪೆಟ್ಟಿಗೆಯಿಂದ ನಿನ್ನ ಹಳೆಯ ಗಾಜಿನ ಬಳೆ ನಾಲ್ಕು ತಂದು, "ಕೊಟ್ಟಿಗೇಲಿ ಹಾಕ್ಕೊ, ಬರೋವಾಗ ಬಿಚ್ಚಿಟ್ಟು ಬಾ. ಮೂಕಪ್ರಾಣಿ ನರಳೋದು ಬೇಡ ಕಣಮ್ಮ," ಅಂದರು. ನಲವತ್ತು ವರ್ಷದಿಂದ ಅವರದೂ ಬರಿಗೈ.

ಹಾಕಿಕೊಂಡು ಚೊಂಬು ಹಿಡಿದು ಕೂತೆ. ಮೊಲೆ ಮುಟ್ಟುವ ಮೊದಲೇ ಹಾಲು ಸೋರಿತು. ಹಸುವಿನ ಹೊಟ್ಟೆಗೆ ತಲೆಯಾನಿಸಿ ಅತ್ತೆ ಮಗಳೇ. ನಿಮ್ಮಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ನಿಮ್ಮ ಚಿಕ್ಕಪ್ಪ ಕಂಡ. "ಅಣ್ಣ ಹೋಗಿ ಎರಡು ತಿಂಗಳಾಗಿಲ್ಲ, ಅತ್ತಿಗೆ ಬಳೆ ತೊಟ್ಟವಳೆ ಅಂತ ಊರೋರು ಆಡ್ಕೊಂತಾರೆ. ಹಸು ಇದ್ರೆ ತಾನೆ ಈ ರಂಪ?" ಅಂದ. ಅಜ್ಜಿ ಬಳೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು. ನಾನು ಮಾತಾಡಲಿಲ್ಲ, ಮಾತಾಡಬೇಕಿತ್ತು.

ಮರುದಿನ ಬೆಳಿಗ್ಗೆ ಅದನ್ನು ಸಂತೆಗೆ ಹೊಡೆದುಕೊಂಡು ಹೋಗುವಾಗ ಬಾವಿಯ ಹತ್ತಿರ ಹೆಂಗಸರು ನೀರು ಸೇದುತ್ತಿದ್ದರು. ಅವರ ಕೈಬಳೆಯ ಸದ್ದಿಗೆ ಹಸು ನಿಂತುಬಿಟ್ಟಿತು. ನಾಲ್ಕೂ ಮೊಲೆಯಿಂದ ಹಾಲು ಬೀದಿಯ ಮಣ್ಣಿಗೆ ಸುರಿಯಿತು. ನಿಮ್ಮ ಚಿಕ್ಕಪ್ಪ ಬಾಲ ತಿರುಚಿ ನಡೆಸಿಕೊಂಡು ಹೋದ. ಕೊಟ್ಟಿಗೆಗೆ ಹೋಗಲು ಈಗ ನನಗೆ ಕೆಲಸವಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಭಾರ ಎತ್ತಬೇಡ. ಹೆರಿಗೆ ಸುಸೂತ್ರವಾಗಲಿ, ಮಡಿಲು ತಣ್ಣಗಿರಲಿ.

ನಿನ್ನ ತಾಯಿ,
ವೆಂಕಟರತ್ನಮ್ಮ

ಮರೆತಿದ್ದೆ: ಸೀಮಂತ ಶುಭಕಾರ್ಯ, ನಾನು ಬರದಿದ್ದರೆ ಒಳ್ಳೆಯದು ಎಂದು ನಿಮ್ಮತ್ತೆಯವರ ಹೆಸರಲ್ಲಿ ಕಾಗದ ಬಂತಲ್ಲ, ಬರುವುದಿಲ್ಲ. ಅವರಿಗೆ ಬರೆಯಲು ಬಾರದು. ಅಕ್ಷರ ನಿನ್ನವು. ಅವರು ಹೇಳಿದ್ದನ್ನು ನೀನು ಬರೆದೆ, ಸರಿ. ಮೂಲೆಯಲ್ಲೆಲ್ಲಾದರೂ ನಿನ್ನದೇ ಒಂದು ಮಾತು ಇರಬಹುದೆಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇರಲಿಲ್ಲ.