ಅಜ್ಜಿಕಾಯಿಯನ್ನು ಬಿಟ್ಟುಕೊಟ್ಟ ನಡೆ

ಹೊಸ ಸೆಸ್ಸೆ ಗುಮ್ಮಟ, ಮಂಗಳ ಗ್ರಹ
ಎರಡನೆಯ ಬಿತ್ತನೆಯ ಮೊದಲ ಶುಕ್ರವಾರ

ಪ್ರೀತಿಯ ಮಗಳು ನಾಕಿಮೇರಾಳಿಗೆ,

ನಿನ್ನ ಕೆಮ್ಮು ಹೇಗಿದೆ? ಧ್ರುವದ ಹಿಮಗಣಿಯಲ್ಲಿ ಗಾಳಿ ಶುದ್ಧವಾಗಿ ಬರುತ್ತಿದೆಯೆ? ಕಳೆದ ಕಾಗದದಲ್ಲಿಯೂ ಇದನ್ನೇ ಕೇಳಿದ್ದೆ. ನೀನು ‘ಎಲ್ಲವೂ ಕ್ಷೇಮ’ ಎಂದಷ್ಟೇ ಉತ್ತರಿಸಿದೆ. ಕೆಮ್ಮನ್ನು ಕುರಿತು ಕೇಳಿದವರಿಗೆ ಕೆಮ್ಮನ್ನು ಕುರಿತೇ ಉತ್ತರಿಸಬೇಕೆಂದು ನಿನಗೆ ನಾನೇ ಕಲಿಸಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ನಿನ್ನ ಸೋದರತ್ತೆ ನಂಟೇಜಾ ಇಂದು ಬಾಳೆಕಾಯಿ ಬೇಯಿಸಿ, ಕಡಲೆಕಾಯಿ ಗೊಜ್ಜು ಮಾಡಿದ್ದಳು. ಅಭ್ಯಾಸಬಲದಿಂದ ನಿನಗೂ ಒಂದು ಎಲೆ ಹಾಕಿದಳು.

ಧೂಳುಗಾಳಿಯ ನಂತರ ನಿನ್ನ ದನಿಯನ್ನು ನಾವು ಕೇಳಿಲ್ಲ. ದನಿಯನ್ನು ಸಾಗಿಸುವ ಯಂತ್ರ ಕೆಟ್ಟಿದೆ, ಬರಹವಷ್ಟೇ ಸಾಗುತ್ತದೆ ಎಂದು ಗಣಿಯವರು ತಿಳಿಸಿದರು, ನಂಬಿದೆವು. ನಾವಿಬ್ಬರೂ ದೂರದಿಂದಲೇ ಆಡುತ್ತಿರುವ, ಚದುರಂಗದಂಥ ನಮ್ಮೂರಿನ ಉಸಿರುಮಣೆಯ ಆಟ ನಿಲ್ಲಲಿಲ್ಲವೆಂಬುದೇ ನನಗೆ ಸಮಾಧಾನವಾಗಿತ್ತು. ಆದರೆ ಈಚೆಗೆ ನನ್ನ ನಡೆ ತಲುಪಿದ ಕೂಡಲೇ ನಿನ್ನ ನಡೆ ಬಂದುಬಿಡುತ್ತದೆ. ಒಂದು ಕಾವಲುಕಾಯಿಯನ್ನು ಸರಿಸಲು ಇಡೀ ಸಂಜೆ ಉಗುರು ಕಚ್ಚುತ್ತಿದ್ದವಳು ನೀನು. ಇದನ್ನು ಹೇಳಿದಾಗ ನಿನ್ನ ಅತ್ತೆ, “ಅಲ್ಲಣ್ಣಾ, ಮಗಳು ಗೆಲ್ತಾ ಇದ್ದಾಳೆ ಅಂತ ಹೊಟ್ಟೆಕಿಚ್ಚಾ ನಿಂಗೆ? ಮೇಷ್ಟ್ರ ಬುದ್ಧಿ ಬಿಡೋದೇ ಇಲ್ಲ ನೋಡು!” ಎಂದು ನಕ್ಕಳು.

ನಿನ್ನೆ ಬಂದ ನಡೆಯನ್ನು ಮಣೆಯ ಮೇಲೆ ಇಟ್ಟು ತೋರಿಸಿದೆ. ಅವಳು ನಗಲಿಲ್ಲ. ಅರಸನನ್ನು ಉಳಿಸಿಕೊಳ್ಳಲು ನೀನು ಅಜ್ಜಿಕಾಯಿಯನ್ನು ನನ್ನ ಹೊಡೆತಕ್ಕೆ ಒಡ್ಡಿದ್ದೆ. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಮುದ್ರಿತ ಕೈಪಿಡಿಯಂತೂ ಅದನ್ನು ಜಾಣ ನಡೆಯೆಂದೇ ಹೇಳುತ್ತದೆ. ಆದರೆ ಮೊದಲ ಗುಮ್ಮಟ ಸೀಳಿದಾಗ ಮಕ್ಕಳನ್ನು ಒಳಗೆ ತಳ್ಳಿ, ತಾನು ಹೊರಗೇ ನಿಂತು ಬಾಗಿಲು ಮುಚ್ಚಿದ ಮುದುಕಿಯ ಕಾಯಿ ಅದು. ಈ ಊರಿನಲ್ಲಿ ಹುಟ್ಟಿದ ಯಾರೂ ಅವಳನ್ನು ಇನ್ನೊಮ್ಮೆ ಹೊರಗೆ ಬಿಡುವುದಿಲ್ಲ. ಅರಸನನ್ನು ಕಳೆದುಕೊಂಡು ಸೋಲುತ್ತಾರೆ. ಚಿಕ್ಕಂದಿನಲ್ಲಿ ನೀನೂ ಮೂಗು ಒರೆಸಿಕೊಳ್ಳುತ್ತ, “ಅಜ್ಜೀನ ಕೊಟ್ಟು ಗೆದ್ದು ಏನ್ಮಾಡ್ಲಪ್ಪಾ? ನಾನೇ ಸೋತೆ, ಹೋಗು!” ಎಂದು ಎದ್ದುಹೋಗುತ್ತಿದ್ದೆ.

ಗಣಿಯ ಬದುಕು ಮನುಷ್ಯರನ್ನು ಬದಲಿಸಬಹುದು. ಆಯಾಸದಲ್ಲಿ ಕೈ ತಪ್ಪಿರಬಹುದು. ಹಾಗೆಂದುಕೊಳ್ಳಲು ಬೆಳಗಿನಿಂದ ಪ್ರಯತ್ನಿಸುತ್ತಿದ್ದೇನೆ.

ನಿನ್ನ ಎದೆ ಹಗುರವಾಗಲಿ, ಉಸಿರು ಸರಾಗವಾಗಲಿ ಎಂದು ಹಾರೈಸುವ,
ನಿನ್ನ ಅಪ್ಪ
ಲುಟಾಯಾ

ತಾ.ಕ.: ಈ ಮಾತು ನನ್ನ ಮಗಳ ಹೆಸರಿನಲ್ಲಿ ಉತ್ತರಿಸುತ್ತಿರುವವರಿಗೆ. ತಾವು ಗಣಿಯ ಗುಮಾಸ್ತರೋ, ಗಣಿಯ ಯಂತ್ರವೋ ನಾನರಿಯೆ. ನಾಕಿಮೇರಾ ಬದುಕಿದ್ದಾಳೆಯೆ ಎಂದು ಕೇಳಿದರೆ ‘ಎಲ್ಲವೂ ಕ್ಷೇಮ’ ಎನ್ನುವಿರಿ, ಆದ್ದರಿಂದ ಕೇಳುವುದಿಲ್ಲ. ಅಜ್ಜಿಯನ್ನು ನಾನು ಹೊಡೆದಿಲ್ಲ. ಇದು ತಲುಪುವ ಹೊತ್ತಿಗೆ ನಾನೂ ನಂಟೇಜಾಳೂ ಮಣೆಯೊಂದಿಗೆ ಧ್ರುವಕ್ಕೆ ಬರುವ ನೀರಿನ ಬಂಡಿಯಲ್ಲಿ ಕುಳಿತಿರುತ್ತೇವೆ. ಆ ಕಾಯಿಯನ್ನು ನನ್ನ ಮಗಳೇ ತನ್ನ ಕೈಯಿಂದ ಒಳಗೆ ತೆಗೆದುಕೊಳ್ಳಬೇಕು. ಬಾಗಿಲು ತೆರೆದಿಡಿ.