ನೀವು ಕೇಳಿದಿರಿ, ಗುತ್ಯಮ್ಮ ಹೇಳಿದಳು

ವಿದ್ಯಾ ಇಲಾಖೆಯ ತನಿಖಾಧಿಕಾರಿಗಳೇ, ಮಾನ್ಯರೇ,

ನಮ್ಮ ಶಿಕಾರಿಪುರ ತಾಲ್ಲೂಕಿನ ಹೈಸ್ಕೂಲೊಂದಕ್ಕೆ ಬಂದು, ಪಾಠ ಹೇಗೆ ನಡೆಯುತ್ತಿದೆಯೆಂದು ಮಕ್ಕಳನ್ನು ಕೇಳಿದವರು ತಾವು. ಇದ್ದದ್ದನ್ನು ಹೇಳಿದವಳು ನನ್ನ ತಂಗಿಯ ಮಗಳು ಗುತ್ಯಮ್ಮ. ಆ ತಪ್ಪಿಗೆ ಅವಳನ್ನು ಈ ಸಲದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಕೇಳಿದವರಿಗೆ ಹೂವಿನ ಹಾರ, ಹೇಳಿದವಳಿಗೆ ಒಲೆಯ ಮುಂದಿನ ಮಣೆ! ಭಳಿರೇ, ಪ್ರಭುಗಳೇ! ಇದು ಯಾವ ಸೀಮೆಯ ನ್ಯಾಯ?

ನಾನು ನಾಟಕದ ಪರದೆಯ ಹಿಂದೆ ಬೆಳೆದವನು. ತಾಲೀಮಿನ ವಾಸನೆ ನನಗೆ ದೂರದಿಂದಲೇ ಹತ್ತುತ್ತದೆ. ತಾವು ಬರುವ ಮುಂಚೆ ಗಣಿತದ ಮೇಷ್ಟ್ರು ಮಕ್ಕಳಿಗೆ ಪಾಠ ನಿಲ್ಲಿಸಿ ಮಾತು ಒಪ್ಪಿಸುವುದನ್ನು ಕಲಿಸಿದ್ದರು. ತಾವು ಕೇಳಿದ ಕೂಡಲೇ ತರಗತಿಯೆಲ್ಲ ಒಂದೇ ರಾಗದಲ್ಲಿ, "ಚೆನ್ನಾಗಿ ತಿಳಿಯುತ್ತೆ ಸಾರ್" ಎಂದಿತು. ಅಲ್ಲಿಗೆ ಮಂಗಳ ಹಾಡಿ ಹೋಗಬಾರದಿತ್ತೇ? ಇಲ್ಲ, ಎದೆಯ ಮೇಲೆ ಕೈಯಿಟ್ಟು ತಾವೊಂದು ಅಭಯವಿತ್ತಿರಿ: "ಹೆದರಬೇಡಿ ಮಕ್ಕಳೇ, ಕೊರತೆ ಇದ್ದರೆ ಹೇಳಿ. ನಿಮ್ಮ ಮಾತು ನನ್ನಲ್ಲೇ ಇರುತ್ತದೆ."

ಗುತ್ಯಮ್ಮ ಅದನ್ನು ನಂಬಿದಳು. ಯಾಕೆಂದರೆ ನಮ್ಮ ನಾಟಕ ಮಂಡಳಿಯಲ್ಲೊಂದು ಕಟ್ಟಳೆಯಿದೆ. ನಾಟಕವಾದ ಮಾರನೆಯ ದಿನ ಪಾತ್ರಧಾರಿಗಳೆಲ್ಲ ಬಣ್ಣ ತೊಳೆದು ಊರಕಟ್ಟೆಯ ಮೇಲೆ ಕೂರಬೇಕು. ಊರವರು ಎದುರು ನಿಂತು ನಮ್ಮ ತಪ್ಪು ಹೇಳುತ್ತಾರೆ. ನಾವು ಎದುರಾಡುವ ಹಾಗಿಲ್ಲ. ಮೊಣಕಾಲುದ್ದ ಇದ್ದಾಗಲೇ ಈ ಹುಡುಗಿ, "ಮಾವ, ನಾಟಕದಲ್ಲಿ ಮಗ ಸತ್ತಾಗ ನೀನು ಅಳಲಿಲ್ಲ, ಕುರಿ ಅಟ್ಟೋರ ಥರ ಕೂಗಿದೆ" ಅಂದು ನನ್ನ ಕಿರೀಟ ಇಳಿಸಿದ್ದಳು. ತಪ್ಪು ಹೇಳಿದವರನ್ನು ಅಲ್ಲಿ ಯಾರೂ ಹೊರಗೆ ಹಾಕಿಲ್ಲ. ನಿಮ್ಮ ಪ್ರಶ್ನೆಯನ್ನೂ ಅವಳು ಕಟ್ಟೆಯ ಪ್ರಶ್ನೆಯೆಂದೇ ತಿಳಿದಳು.

ಎದ್ದು ನಿಂತು ಹೇಳಿದ್ದಿಷ್ಟು: "ಮೇಷ್ಟ್ರು ಲೆಕ್ಕ ಚಂದ ಬಿಡಿಸ್ತಾರ್ರೀ ಸಾರ್. ಆದ್ರೆ ಬೋರ್ಡಿನ ಜತೆ ಮಾತಾಡ್ತಾರೆ, ನಮ್ಮ ಜತೆ ಅಲ್ಲ. ನಾವು ನೋಡೋದ್ರೊಳಗೆ ಒರೆಸ್ತಾರೆ. ಯಾಕೆ ಹಿಂಗೆ ಬಂತು ಅಂದ್ರೆ, 'ಬಂತಲ್ಲ, ಬರ್ಕೋ' ಅಂತಾರೆ."

ಇದರಲ್ಲಿ ಬೈಗುಳವೆಲ್ಲಿದೆ, ಸ್ವಾಮಿ? ತಾವೇ "ಭೇಷ್" ಎಂದಿರಿ. ಆಮೇಲೆ ಹೆಡ್‌ಮಾಸ್ಟರ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಅದೇ ಮಾತನ್ನು ಅದೇ ಮೇಷ್ಟ್ರ ಎದುರು ಅಭಿನಯಿಸಿ ತೋರಿಸಿ ನಕ್ಕಿರಿ. ಮಾರನೆಯ ದಿನ ಹುಡುಗಿಯ ಮೇಲೆ ಗುರುನಿಂದೆಯ ಆಪಾದನೆ! ಬೇಡಿಕೊಳ್ಳಲು ಹೋದ ನನ್ನ ತಂಗಿ ಈಶ್ವರಮ್ಮನಿಗೆ ಹೆಡ್‌ಮಾಸ್ಟರು ಹೇಳಿದರು: "ಸಾಹೇಬ್ರು ನಮ್ಮ ಮುಖಕ್ಕೇ ನಕ್ಕು ಹೋದ್ರಮ್ಮ. ನಿನ್ನ ಮಗಳಿಗೆ ನಾಲಿಗೆ ಉದ್ದ. ಮದುವೆ ಮಾಡು, ಅತ್ತೆ ಮನೇಲಿ ಗಿಡ್ಡ ಆಗುತ್ತೆ."

ಸೊರಬದ ಕಡೆಯಿಂದ ಗಂಡಿನವರು ಬಂದು ನೋಡಿಯೂ ಹೋದರು. ಟೀಚರ್ ಟ್ರೈನಿಂಗ್ ಮುಗಿಸಿ ತಾನೇ ಮೇಡಮ್ ಆಗಬೇಕೆಂದಿದ್ದ ಹುಡುಗಿ ತಲೆ ತಗ್ಗಿಸಿ ಮಂಡಕ್ಕಿ ಕೊಟ್ಟಳು. ನಾನು ನಿಮ್ಮ ಕಚೇರಿಗೆ ಬಂದಾಗಲೆಲ್ಲ, "ಸಾಹೇಬರು ಸರ್ಕೀಟಿನಲ್ಲಿದ್ದಾರೆ, ಊರೂರು ತಿರುಗುತ್ತಿದ್ದಾರೆ" ಎನ್ನುತ್ತಾರೆ. ಇನ್ನೆಷ್ಟು ಶಾಲೆಗಳಲ್ಲಿ ಅಭಯ ಕೊಡುತ್ತಿದ್ದೀರೋ!

ಮೊನ್ನೆ ಶಿರಾಳಕೊಪ್ಪದಲ್ಲಿ ನಮ್ಮ ನಾಟಕ. ಗುತ್ಯಮ್ಮನೂ ನೋಡಲು ಬಂದಿದ್ದಳು. ದರ್ಬಾರಿನ ನಡುವೆ ನನಗೆ ಮಾತೇ ಮರೆತುಹೋಯಿತು. ಮಾತು ಎತ್ತಿಕೊಡುವವನ ದನಿ ಕೊನೆಯ ಸಾಲಿಗೂ ಕೇಳಿಸಿತು. ಮಾರನೆಯ ದಿನ ಕಟ್ಟೆಯ ಮೇಲೆ ಕುತ್ತಿಗೆ ಕೊಟ್ಟು ಕೂತೆ. "ಹೆಂಗಿತ್ತೇ ಗುತ್ಯಾ?"

"ಚೆನ್ನಾಗಿತ್ತು ಮಾವ."

"ಮಾತು ಮರೆತೆನಲ್ಲೇ!"

"ಎಲ್ಲಾ ಚೆನ್ನಾಗಿತ್ತು ಮಾವ."

ಅದೇ ರಾಗ. ತರಗತಿಯಲ್ಲಿ ಅವಳೊಬ್ಬಳು ಹಾಡದಿದ್ದ ರಾಗ. ಈಗ ಕಲಿತಿದ್ದಾಳೆ. ತಮ್ಮ ಇಲಾಖೆಯ ಪಾಠ ಇದೊಂದಂತೂ ಚೆನ್ನಾಗಿ ತಿಳಿದಿದೆ.

ನನ್ನ ಬೇಡಿಕೆ ಇಷ್ಟೇ. ಪರೀಕ್ಷೆಗೆ ಹೆಸರು ಕಳಿಸುವ ಗಡುವು ಮುಗಿಯುವ ಮುಂಚೆ ಅದೇ ತರಗತಿಗೆ ಬನ್ನಿ. ಅದೇ ಮಕ್ಕಳ ಮುಂದೆ, "ನಾನು ಕೇಳಿದ್ದಕ್ಕೆ ಹೇಳಿದಳು, ತಪ್ಪು ನನ್ನದು" ಎನ್ನಿ. ಅವಳ ಹೆಸರು ಕಳಿಸಿ. ಅಷ್ಟು ಆಗದಿದ್ದರೆ, ಇನ್ನು ಮುಂದೆ ಯಾವ ಮಗುವನ್ನೂ ಏನನ್ನೂ ಕೇಳಬೇಡಿ.

ಇಂತಿ,
ಮಾತು ಮರೆತರೂ ಬೈಯುವವರಿಲ್ಲದ
ರಾಜಪಾರ್ಟಿನ ಉಜ್ಜಪ್ಪ